ನಿರ್ದೇಶಕಗಳು ಮತ್ತು ಸಾಮಾಜಿಕ ಅಂತಸ್ತು: ಉಡುಪಿ ಸೀಮೆಯ ಭಾಷೆಗಳಲ್ಲಿ

ಹತ್ತಿರದ್ದನ್ನೋ ದೂರದ್ದನ್ನೋ ತೋರಿಸಿ ಹೇಳುವ ಪದಗಳಿಗೆ ನಿರ್ದೇಶಕಗಳೆಂದು ಹೆಸರು. ಕನ್ನಡದ ಈ–ಆ, ಇದು–ಅದು, ಇವರು–ಅವರು, ತುಳುವಿನ ಉಂದು–ಅವು, ಮೇರ್–ಆರ್, ಮುಲ್ಪ–ಅಲ್ಪ ಇವೆಲ್ಲ ಈ ಗುಂಪಿಗೆ ಸೇರಿದವು. ಇವು ಜಾಗವನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ತೋರಿಸಲ್ಪಟ್ಟವನ ಅಂತಸ್ತನ್ನೂ ಹೇಳುತ್ತವೆ. ಇಂಡೊನೇಷ್ಯದ ಲೊಂಬೊಕ್ ದ್ವೀಪದ ಸಸಕ್ ಭಾಷೆ ಈ ವಿಷಯದಲ್ಲಿ ವಿದ್ವಾಂಸರ ಗಮನ ಸೆಳೆದಿದೆ. ಅಲ್ಲಿಯ ಉಪಭಾಷೆಗಳಿಗೆ ಹೆಸರು ಬಂದಿರುವುದೇ ‘ಹಾಗೆ–ಹೀಗೆ’ ಎನ್ನುವುದನ್ನು ಒಂದೊಂದು ಸೀಮೆಯವರು ಹೇಳುವ ರೀತಿಯಿಂದ: ಮೆನೊ–ಮೆನೆ, ಙೆನೊ–ಙೆನೆ, ಕುತೊ–ಕುತೆ. ಅದೇ ಸಸಕ್‌ನಲ್ಲಿ ಕುಲೀನರೊಡನೆ ಆಡುವ ಮಾತಿಗೆ ಬೇರೆಯೇ ಪದಗಳ ಮಟ್ಟವಿದೆ. ನೆರೆಯ ಜಾವಾ ಭಾಷೆಯಲ್ಲಿ ಈ ಏರ್ಪಾಡು ಇನ್ನೂ ಸ್ಪಷ್ಟ: ‘ಇದು’ ಎನ್ನಲು ಸಲುಗೆಯಲ್ಲಿ ‘ಇಕಿ’, ನಡುಮಟ್ಟದಲ್ಲಿ ‘ನಿಕಿ’, ವಿನಯದಲ್ಲಿ ‘ಪುನಿಕ’. ತೋರಿಸುವ ವಸ್ತು ಒಂದು ಬಾಳೆಹಣ್ಣೇ ಆಗಿರಲಿ, ಎದುರಿಗಿರುವವರು ಯಾರೆಂಬುದರ ಮೇಲೆ ‘ಇದು’ ಬದಲಾಗುತ್ತದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ತುಳು, ಕನ್ನಡ, ಕೊಂಕಣಿಗಳಲ್ಲಿ ಬಾಳೆಹಣ್ಣಿಗೆ ಇಂಥ ತೊಂದರೆಯಿಲ್ಲ. ಇಲ್ಲಿ ಅಂತಸ್ತು ಅಂಟಿಕೊಂಡಿರುವುದು ಮನುಷ್ಯರನ್ನು ತೋರಿಸುವ ಪದಗಳಿಗೆ. ಅದೂ ಹತ್ತಿರ–ದೂರ ಎಂಬ ಭೇದಕ್ಕಲ್ಲ, ಏಕವಚನ–ಬಹುವಚನ ಎಂಬ ಭೇದಕ್ಕೆ. ಹತ್ತಿರ–ದೂರಗಳು ಮರ್ಯಾದೆಯನ್ನೋ ಅವಮರ್ಯಾದೆಯನ್ನೋ ಹೆಚ್ಚು ಮಾಡಬಲ್ಲವು, ಹುಟ್ಟಿಸಲಾರವು. ಈ ಲೇಖನ ಸಮರ್ಥಿಸುವ ನಿಲುವು ಇದು.

ಮೊದಲಿಗೆ, ಮನುಷ್ಯರ ಮಾತು ನಿರ್ದೇಶಕಗಳ ಲೆಕ್ಕದಲ್ಲಿ ಯಾಕೆ ಬಂತು ಎಂಬುದನ್ನು ನೋಡಬೇಕು. ಇಂಗ್ಲಿಷಿನಲ್ಲಿ ‘ಹೀ’, ‘ಶೀ’ ಎಂಬ ಪ್ರಥಮ ಪುರುಷ ಸರ್ವನಾಮಗಳು ಬೇರೆ, ‘ದಿಸ್’, ‘ದಟ್’ ಎಂಬ ನಿರ್ದೇಶಕಗಳು ಬೇರೆ. ದ್ರಾವಿಡ ಭಾಷೆಗಳಲ್ಲಿ ಆ ಎರಡು ಪೆಟ್ಟಿಗೆಗಳಿಲ್ಲ. ಅವನು ಎಂದರೆ ‘ಆ ಗಂಡಸು’, ಇವಳು ಎಂದರೆ ‘ಈ ಹೆಂಗಸು’. ಹಳಗನ್ನಡದಲ್ಲಿ ದೂರ–ಹತ್ತಿರಗಳ ನಡುವೆ ‘ಉ’ಕಾರದ ಮೂರನೆಯ ಮೆಟ್ಟಿಲೂ ಇತ್ತು, ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದ ಕಾಲಕ್ಕೆ ವ್ಯಾಕರಣಕಾರರಿಗೆ ಅದರ ಪರಿಚಯವಿತ್ತು, ಆಮೇಲೆ ಅದು ಬಿದ್ದುಹೋಯಿತು. ತುಳು ಮತ್ತು ಕೊರಗ ಭಾಷೆಗಳೆರಡರ ವ್ಯಾಕರಣವನ್ನೂ ಬರೆದ ಡಿ. ಎನ್. ಶಂಕರ ಭಟ್ ಅವರು 2004ರ ‘ಪ್ರೊನೌನ್ಸ್’ ಎಂಬ ಗ್ರಂಥದಲ್ಲಿ ಸರ್ವನಾಮ–ನಿರ್ದೇಶಕಗಳ ಈ ಸಂಬಂಧವನ್ನು ಜಗತ್ತಿನ ಭಾಷೆಗಳ ಮಟ್ಟಕ್ಕೆ ಒಯ್ದು ಚರ್ಚಿಸಿದರು. ಅವರು 225 ಭಾಷೆಗಳನ್ನು ಹೋಲಿಸಿ ಮಾಡಿದ ಇನ್ನೊಂದು ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಷೆಗಳ ಪ್ರಥಮ ಪುರುಷ ಸರ್ವನಾಮಗಳಿಗೂ ನಿರ್ದೇಶಕಗಳಿಗೂ ಒಂದಲ್ಲ ಒಂದು ರೀತಿಯ ನಂಟು ಕಾಣಿಸಿತು. ಕನ್ನಡ, ತುಳುಗಳಲ್ಲಿ ಆ ನಂಟು ಪೂರ್ತಿಯಾದದ್ದು. ಇದರ ಪರಿಣಾಮ ದೊಡ್ಡದು. ಹೆಸರು ಹೇಳದೆ ಒಬ್ಬ ಮನುಷ್ಯನ ಬಗ್ಗೆ ಮಾತಾಡಬೇಕಾದರೆ ಇಲ್ಲಿಯವರು ಅವನನ್ನು ತೋರಿಸಲೇಬೇಕು. ತೋರಿಸಬೇಕಾದರೆ ಅವನು, ಆತ, ಅವರು ಎಂಬವುಗಳಲ್ಲಿ ಒಂದನ್ನು ಆರಿಸಲೇಬೇಕು. ಹೆಸರು ಹೇಳಿದರೂ ಪಾರಾಗುವಂತಿಲ್ಲ. ಹೆಸರಿನ ಬೆನ್ನಿಗೆ ಬರುವ ಕ್ರಿಯಾಪದ ‘ಬಂದ’ ಎನ್ನಬೇಕೋ ‘ಬಂದರು’ ಎನ್ನಬೇಕೋ ಎಂದು ಕೇಳುತ್ತ ನಿಂತಿರುತ್ತದೆ.

ತುಳುವಿನ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ವಾದದ ಬಲವಿರುವುದು ಅಲ್ಲಿ. ದೂರದ ಗಂಡಸು ಆಯೆ, ಹತ್ತಿರದವನು ಇಂಬೆ. ದೂರದ ಹೆಂಗಸು ಆಳ್, ಹತ್ತಿರದವಳು ಮೋಳು. ಮರ್ಯಾದೆ ಕೊಡಬೇಕಾದ ಒಬ್ಬರು ದೂರದಲ್ಲಿದ್ದರೆ ಆರ್, ಹತ್ತಿರದಲ್ಲಿದ್ದರೆ ಮೇರ್. ಹಲವರಾದರೆ ದೂರಕ್ಕೆ ಆಕುಲು, ಹತ್ತಿರಕ್ಕೆ ಮೊಕುಲು. ಬಾಸೆಲ್ ಮಿಶನ್ನಿನ ಜೆ. ಬ್ರಿಗೆಲ್ 1872ರಲ್ಲಿ ಬರೆದ ತುಳು ವ್ಯಾಕರಣ, ಎ. ಮ್ಯಾನರ್ 1886ರಲ್ಲಿ ಹೊರತಂದ ನಿಘಂಟು, ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು, ಈ ಮೂರರಿಂದ ಇಂಥ ಪದಗಳ ನೂರು ವರ್ಷಗಳಿಗೂ ಮಿಕ್ಕಿದ ದಾಖಲೆ ನಮಗೆ ಸಿಕ್ಕಿದೆ. ಕನ್ನಡದಲ್ಲಿ ‘ಅವರು ಬಂದರು’ ಎಂದರೆ ಬಂದದ್ದು ಗೌರವಸ್ಥರಾದ ಒಬ್ಬರೋ ಬರೀ ಹತ್ತು ಜನರೋ ಎಂದು ಸಂದರ್ಭದಿಂದ ತಿಳಿಯಬೇಕು. ಅದಕ್ಕಾಗಿಯೇ ಕೆಲವರು ‘ಅವರುಗಳು’ ಎಂದು ಬಹುವಚನದ ಮೇಲೆ ಇನ್ನೊಂದು ಬಹುವಚನ ಹೇರುತ್ತಾರೆ, ಭಾಷಾಶುದ್ಧಿಯವರು ಅದನ್ನು ಕಂಡು ಹುಬ್ಬು ಗಂಟಿಕ್ಕುತ್ತಾರೆ. ತುಳು ಈ ಗೊಂದಲವನ್ನು ಎಂದೋ ಪರಿಹರಿಸಿಕೊಂಡಿದೆ. ಬಹುವಚನದ ಹಳೆಯ ‘-ರ್’ ಅನ್ನು ಹೊತ್ತ ಆರ್ ಎಂಬುದನ್ನು ಗೌರವಕ್ಕೆ ಮೀಸಲಿಟ್ಟು, ಎಣಿಕೆಯ ಬಹುವಚನಕ್ಕೆ ಆಕುಲು ಎಂಬ ಬೇರೆ ರೂಪವನ್ನು ಇಟ್ಟುಕೊಂಡಿದೆ. ಮಧ್ಯಮ ಪುರುಷದಲ್ಲೂ ಹೀಗೆಯೇ: ಸಲುಗೆಗೆ ಈ, ಗೌರವಕ್ಕೆ ಈರ್, ಹಲವರಿಗೆ ನಿಕುಲು. ಆದರೆ ಕ್ರಿಯಾಪದ ಮಾತ್ರ ಹಳೆಯ ನಂಟನ್ನು ಮರೆತಿಲ್ಲ. ‘ಆಯೆ ಬತ್ತೆ’, ‘ಆಳ್ ಬತ್ತಳ್’, ಆದರೆ ‘ಆರ್ ಬತ್ತೆರ್’, ‘ಆಕುಲು ಬತ್ತೆರ್’. ಬಂದ ಒಬ್ಬ ಹಿರಿಯರಿಗೂ ಬಂದ ಒಂದು ಗುಂಪಿಗೂ ಕ್ರಿಯೆಯ ಕೊನೆ ಒಂದೇ. ಗೌರವ ಬೆಳೆದದ್ದು ಎಣಿಕೆಯ ಬೇರಿನಿಂದ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಇನ್ನೊಂದು ಸಾಕ್ಷಿ ಲಿಂಗದ ಕಡೆಯಿಂದ ಬರುತ್ತದೆ. ಆಯೆ, ಆಳ್, ಇಂಬೆ, ಮೋಳು ಇವುಗಳಲ್ಲಿ ಗಂಡು–ಹೆಣ್ಣಿನ ಭೇದ ಎದ್ದು ಕಾಣುತ್ತದೆ. ಆರ್, ಮೇರ್ ಎಂದ ಕೂಡಲೇ ಅದು ಅಳಿಸಿಹೋಗುತ್ತದೆ. ಕನ್ನಡದ ಅವರು, ಇವರು ಕೂಡ ಹಾಗೆಯೇ. ಗುತ್ತಿನ ಮನೆಯ ಯಜಮಾನ್ತಿಯೂ ಮೇರ್, ಅವರ ತಮ್ಮನೂ ಮೇರ್. ಮನುಷ್ಯನ ಅಂತಸ್ತು ಏರಿದಂತೆ ಅವನ ಬಗೆಗಿನ ವಿವರಗಳನ್ನು ಹೇಳುವುದನ್ನು ಭಾಷೆ ಬಿಡುತ್ತದೆ. ಇಳಿದಂತೆ ಗಂಡೋ ಹೆಣ್ಣೋ ಎಂಬುದನ್ನು ಬಿಡದೆ ಹೇಳುತ್ತದೆ. ಇನ್ನೂ ಕೆಳಗೆ ನಪುಂಸಕವಿದೆ. ತೊಟ್ಟಿಲ ಮಗು ತುಳುವಿನಲ್ಲಿ ನಪುಂಸಕವೇ: ‘ಉಂದು ಏರೆನ ಬಾಲೆ?’ ಎಂದು ಕೇಳಿದರೆ ಯಾವ ತಾಯಿಯೂ ಬೇಸರ ಮಾಡಿಕೊಳ್ಳಳು. ಕೊಂಕಣಿಯಲ್ಲಿ ಈ ನಪುಂಸಕ ತೊಟ್ಟಿಲಿನಿಂದ ಇನ್ನಷ್ಟು ಮುಂದಕ್ಕೆ ಬರುತ್ತದೆ. ಕಾರ್ಕಳ, ಕಾಪು ಕಡೆಯ ಕೊಂಕಣಿಗರಿಗೆ ‘ಚೆಡುಂ’ ಎಂದರೆ ಹುಡುಗಿ. ವ್ಯಾಕರಣದಲ್ಲಿ ಅದು ನಪುಂಸಕ, ಆದ್ದರಿಂದ ಹುಡುಗಿ ಬಂದರೆ ‘ತೆಂ ಆಯ್ಲೆಂ’, ಹಿರಿಯ ಹೆಂಗಸು ಬಂದರೆ ‘ತಿ ಆಯ್ಲಿ’. ಪುತ್ತೂರು, ಕಾಸರಗೋಡು ಕಡೆಯ ಹವ್ಯಕ ಕನ್ನಡದಲ್ಲಿ ಹೆಂಗಸರಿಗೆ ‘ಅದು’, ‘ಬಂತು’ ಎನ್ನುವುದು ರೂಢಿ, ಸುಳ್ಯದ ಅರೆಭಾಷೆಯಲ್ಲೂ ಹಾಗೆಯೇ. ಹೆಂಗಸರನ್ನು ವಸ್ತುವಿನ ಸಾಲಿಗೆ ಇಳಿಸಿದ್ದಕ್ಕೆ ಇದು ಗುರುತೆಂದು ಕೆಲವರು ಬರೆದಿದ್ದಾರೆ. ಆದರೆ ತೆಲುಗಿನ ‘ಅದಿ’ಯೂ ಹೆಣ್ಣಿಗೂ ವಸ್ತುವಿಗೂ ಒಂದೇ. ದ್ರಾವಿಡ ಭಾಷೆಗಳ ಒಂದು ದೊಡ್ಡ ಭಾಗದಲ್ಲಿ ಏಕವಚನ ಒಡೆಯುವುದು ‘ಗಂಡು’ ಮತ್ತು ‘ಉಳಿದದ್ದು’ ಎಂದೇ ಆದ್ದರಿಂದ, ಅವಮಾನದ ಆರೋಪ ಹೊರಿಸುವ ಮೊದಲು ತುಸು ತಡೆಯುವುದು ಒಳ್ಳೆಯದು. ಹವ್ಯಕದಲ್ಲಿ ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಗೌರವದ ರೂಪವೂ ನಪುಂಸಕದಂತೆಯೇ ಇರುವುದು. ಗುರುಗಳು ಹೇಳಿದರು ಎನ್ನಲು ಅವರು ‘ಗುರುಗೊ ಹೇಳಿದವು’ ಎನ್ನುತ್ತಾರೆ. ಪಠ್ಯಪುಸ್ತಕದ ಕನ್ನಡದ ಕಿವಿಗೆ ದನಗಳು ಬಂದವು ಎಂದಂತೆ ಕೇಳುವ ಈ ರೂಪದಲ್ಲಿ ಅಲ್ಲಿಯವರಿಗೆ ಭಕ್ತಿ ಕೇಳುತ್ತದೆ. ಬಹುವಚನ ಯಾವ ಲಿಂಗದಿಂದ ಬಂತೆಂಬುದು ಮುಖ್ಯವಲ್ಲ. ಬಹುವಚನವಾದರೆ ಸಾಕು, ಮರ್ಯಾದೆ ಸಂದಾಯವಾಯಿತು.

ಹಾಗಾದರೆ ಹತ್ತಿರ–ದೂರಗಳ ಪಾತ್ರವೇನು? ತುಳುನಾಡಿನ ಹಳೆಯ ಬದುಕಿನಲ್ಲಿ ಅಂತಸ್ತನ್ನು ಅಕ್ಷರಶಃ ದೂರದಿಂದಲೇ ಅಳೆಯುತ್ತಿದ್ದರು. ಯಾರು ಚಾವಡಿಯವರೆಗೆ, ಯಾರು ಜಗಲಿಯವರೆಗೆ, ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಅಂಗಳಕ್ಕೂ ಬರಬಾರದು ಎಂಬುದೆಲ್ಲ ನಿಗದಿಯಾಗಿತ್ತು. ಆದ್ದರಿಂದ ದೂರದ ಪದಗಳೇ ಕೀಳಿನ ಪದಗಳಾಗಿರಬೇಕೆಂದು ಊಹಿಸುವುದು ಸಹಜ. ಭಾಷೆ ಆ ದಾರಿ ಹಿಡಿಯಲಿಲ್ಲ. ಅಂಗಳದಾಚೆ ನಿಂತವನು ಆಯೆ, ಅಷ್ಟೇ ದೂರದ ಗದ್ದೆಯ ಬದುವಿನ ಮೇಲೆ ನಿಂತ ಒಡೆಯರು, ಅಂದರೆ ಧನಿಕುಲು, ಆರ್. ದೂರ ಸಮ, ಪದ ಬೇರೆ. ನಿಜ ಹೇಳಬೇಕೆಂದರೆ ಹೆಚ್ಚು ಚುಚ್ಚುವುದು ಹತ್ತಿರದ ಏಕವಚನ. ಮನುಷ್ಯ ಎದುರಿಗೇ ಇರುವಾಗ ಅವನ ಜೊತೆ ಮಾತಾಡದೆ, ಪಕ್ಕದವರ ಕಡೆ ತಿರುಗಿ ‘ಇಂಬೆ ಏರ್?’ ಎಂದರೆ ಅಥವಾ ಕನ್ನಡದಲ್ಲಿ ‘ಇವ ಯಾರು?’ ಎಂದರೆ, ಅವನನ್ನು ಮಾತಿನ ಜತೆಗಾರನ ಸ್ಥಾನದಿಂದ ತೆಗೆದು ತೋರಿಸುವ ಸಾಮಾನಿನ ಸ್ಥಾನದಲ್ಲಿ ಇಟ್ಟಂತಾಗುತ್ತದೆ. ತಾಳಮದ್ದಳೆಯ ಅರ್ಥಧಾರಿಗಳಿಗೆ ಈ ಆಯುಧ ಚೆನ್ನಾಗಿ ಗೊತ್ತು. ಎದುರಾಳಿಯನ್ನು ನೀವು ಎಂಬುದರಿಂದ ನೀನು ಎಂಬುದಕ್ಕೆ ಇಳಿಸಿ, ಕೊನೆಗೆ ಅವನನ್ನು ಕೇಳಿಸಿಕೊಳ್ಳದವನಂತೆ ಬಿಟ್ಟು ಸಭೆಯ ಕಡೆಗೆ ‘ಇವನು’ ಎಂದು ತೋರಿಸಿದರೆ ಸಂವಾದ ಜಗಳಕ್ಕೆ ತಿರುಗಿತೆಂದೇ ಅರ್ಥ. ಅದೇ ಜಾಗದಲ್ಲಿ ‘ಮೇರ್ ಏರ್?’, ‘ಇವರು ಯಾರು?’ ಎಂದು ಕೇಳಿದರೆ ಅದು ಪರಿಚಯ ಮಾಡಿಕೊಡಿ ಎಂಬ ಸೌಜನ್ಯ. ಹತ್ತಿರವೆಂಬ ಗುಣ ಎರಡರಲ್ಲೂ ಒಂದೇ ಇದ್ದು ಫಲ ಮಾತ್ರ ತದ್ವಿರುದ್ಧವಾಯಿತು. ಹತ್ತಿರದ ಪದ ಏಕವಚನವನ್ನು ಇನ್ನಷ್ಟು ಖಾರ ಮಾಡುತ್ತದೆ, ಬಹುವಚನವನ್ನು ಇನ್ನಷ್ಟು ಆತ್ಮೀಯ ಮಾಡುತ್ತದೆ. ಗಂಡನ ಹೆಸರು ಹೇಳಬಾರದೆಂಬ ರೂಢಿಯ ಮನೆಗಳಲ್ಲಿ ಹೆಂಡತಿ ‘ಇವರು ಊಟಕ್ಕೆ ಬರುವುದಿಲ್ಲವಂತೆ’ ಎನ್ನುವಾಗ ಆ ಇವರು ಮಲ್ಪೆಗೆ ಹೋಗಿರಬಹುದು, ಮುಂಬಯಿಯಲ್ಲೂ ಇರಬಹುದು. ಹತ್ತಿರದ ಪದ ಅಲ್ಲಿ ನೆಲದ ಅಳತೆಗೆ ಸಂಬಂಧಿಸಿದ್ದಲ್ಲ. ಅದೇ ಗಂಡ ಹೆಂಡತಿಯನ್ನು ‘ಇವಳು’ ಎನ್ನುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಹತ್ತಿರದ ಪದದಿಂದಲೇ ತೋರಿಸುತ್ತಿದ್ದಾರೆ, ಒಬ್ಬರಿಗೆ ಮಾತ್ರ ಬಹುವಚನ ಸಲ್ಲುತ್ತಿದೆ.

ಭಾಷೆಯನ್ನಾಡುವ ಜನರೇ ಈ ವಿಷಯದಲ್ಲಿ ತೀರ್ಪು ಕೊಟ್ಟಿರುವುದೂ ಗಮನಿಸಬೇಕಾದ್ದು. ಗ್ರಾಮಸಭೆಯಲ್ಲೋ ಪುರಸಭೆಯಲ್ಲೋ ಗಲಾಟೆಯಾದರೆ ‘ನನ್ನನ್ನು ಏಕವಚನದಲ್ಲಿ ಕರೆದ’, ‘ಏಕವಚನದಲ್ಲಿ ಬೈದ’ ಎಂದು ದೂರುತ್ತಾರೆ. ವ್ಯಾಕರಣದ ಪಾರಿಭಾಷಿಕ ಪದವೊಂದು ಶಾಲೆ ಬಿಟ್ಟು ಮಾರುಕಟ್ಟೆಗೆ ಬಂದು ‘ಅವಮಾನ’ ಎಂಬ ಅರ್ಥ ಪಡೆದಿದೆ. ನನ್ನನ್ನು ದೂರದ ಸರ್ವನಾಮದಿಂದ ತೋರಿಸಿದ ಎಂದು ಯಾರೂ ಯಾವತ್ತೂ ದೂರಿಲ್ಲ. ಪ್ರಶ್ನಾರ್ಥಕಗಳನ್ನು ನೋಡಿದರೂ ಇದೇ ತೋರುತ್ತದೆ. ಗುರುತಿಲ್ಲದವರ ಬಗ್ಗೆ ಕೇಳುವಾಗ ಕನ್ನಡದ ಯಾರು, ತುಳುವಿನ ಏರ್, ಎರಡೂ ಬಹುವಚನದ ಕ್ರಿಯಾಪದವನ್ನೇ ಬಯಸುತ್ತವೆ: ಯಾರು ಬಂದರು, ಏರ್ ಬತ್ತೆರ್. ಅಂತಸ್ತು ಗೊತ್ತಾಗುವವರೆಗೆ ಮರ್ಯಾದೆ ಕೊಟ್ಟಿರುವುದು ಕ್ಷೇಮ ಎಂದು ಭಾಷೆಯೇ ಎಚ್ಚರ ವಹಿಸಿದಂತಿದೆ. ಏಕವಚನದ ‘ಯಾವನು’, ‘ಯಾವಳು’ ಇಂದಿನ ಮಾತಿನಲ್ಲಿ ಜಗಳಕ್ಕೆ ಮಾತ್ರ ಉಳಿದಿವೆ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಮೊದಲನೆಯದು: ಇದೆಲ್ಲ ಗೌರವಾರ್ಥಕ ಬಹುವಚನದ ಕಥೆ, ನೀನು–ನೀವುಗಳಲ್ಲೂ ಅದೇ ಇದೆ, ಇದನ್ನು ನಿರ್ದೇಶಕಗಳ ತಲೆಗೆ ಯಾಕೆ ಕಟ್ಟಬೇಕು? ಉತ್ತರವಿದೆ. ನೀನು–ನೀವು ಎದುರುಬದುರಿನ ವ್ಯವಹಾರ. ಅಲ್ಲಿ ಕೊಟ್ಟ ಮರ್ಯಾದೆಯಲ್ಲಿ ಹೆದರಿಕೆ, ಲಾಭ, ಉಪಚಾರ ಎಷ್ಟು ಪಾಲು ಎಂದು ಹೇಳಲಾಗದು. ಆಯೆ–ಆರ್ ಎಂಬುದರ ಆಯ್ಕೆ ನಡೆಯುವುದು ಬಹುಮಟ್ಟಿಗೆ ಬೆನ್ನ ಹಿಂದೆ. ಬ್ಯಾಂಕಿನ ಮ್ಯಾನೇಜರರನ್ನು ಕೌಂಟರಿನಲ್ಲಿ ಈರ್ ಎಂದವನು ಹೊರಗೆ ಬಂದು ಆಯೆ ಎಂದರೆ ಅವನ ಲೆಕ್ಕದಲ್ಲಿ ಮ್ಯಾನೇಜರರ ನಿಜವಾದ ಜಾಗ ಯಾವುದೆಂದು ತಿಳಿಯುತ್ತದೆ. ಅಂತಸ್ತನ್ನು ಅಳೆಯುವವನಿಗೆ ಪ್ರಥಮ ಪುರುಷವೇ ಹೆಚ್ಚು ನಂಬಿಕೆಯ ಸಾಕ್ಷಿ. ಮೇಲಾಗಿ ಮೆಟ್ಟಿಲುಗಳು ಹೆಚ್ಚಿರುವುದೂ ಇಲ್ಲಿಯೇ. ಬರಹದ ಕನ್ನಡದಲ್ಲಿ ಇವನು, ಈತ, ಇವರು ಎಂಬ ಮೂರು, ಹೆಣ್ಣಿಗೆ ಇವಳು, ಈಕೆ, ಇವರು. ತೆಲುಗಿನಲ್ಲಿ ವಾಡು, ಅತನು, ಆಯನ, ವಾರು ಎಂಬ ನಾಲ್ಕು. ಮಧ್ಯಮ ಪುರುಷ ಇಷ್ಟೊಂದು ಕವಲೊಡೆದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಏಕವಚನವೆಂದರೆ ಕೀಳು ಎಂದಾದರೆ ದೇವರಿಗೆ ಏಕವಚನ ಯಾಕೆ? ಉಡುಪಿಯಲ್ಲಿ ಕೃಷ್ಣ ಕನಕನಿಗಾಗಿ ತಿರುಗಿ ನಿಂತ ಎನ್ನುತ್ತಾರೆ, ನಿಂತರು ಎನ್ನುವುದಿಲ್ಲ. ಅದೇ ರಥಬೀದಿಯಲ್ಲಿ ಆ ಕೃಷ್ಣನಿಗೆ ಪೂಜೆ ಮಾಡುವ ಯತಿಗಳು ಮಾತ್ರ ‘ಶ್ರೀಪಾದಂಗಳವರು’. ಪಾದ ಎಂಬುದಕ್ಕೆ ‘ಗಳು’, ಅದರ ಮೇಲೆ ‘ಅವರು’ ಎಂಬ ನಿರ್ದೇಶಕ, ಹೀಗೆ ಬಹುವಚನವನ್ನು ಎರಡು ಸಲ ಹೊದಿಸಲಾಗಿದೆ. ಪೂಜಿಸುವವರಿಗೆ ಇಷ್ಟು, ಪೂಜೆಗೊಳ್ಳುವವನಿಗೆ ಬರಿಯ ‘ಅವನು’. ಪಂಪ ಬರೆದ, ಕಾರಂತರು ಬರೆದರು. ತಾಯಿಗೆ ಅನೇಕ ಮನೆಗಳಲ್ಲಿ ಏಕವಚನ, ತಂದೆಗೆ ಬಹುವಚನ. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಯುರೋಪಿನ ಭಾಷೆಗಳ ಮಧ್ಯಮ ಪುರುಷವನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಅಧಿಕಾರ ಮತ್ತು ಸಲುಗೆ ಎಂಬ ಎರಡು ಸೂತ್ರಗಳನ್ನು ಬೇರ್ಪಡಿಸಿದ್ದರು. ಆ ಬೇರ್ಪಡಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಏಕವಚನದಲ್ಲಿ ಎರಡು ಬಗೆ. ಒಂದು, ಅಂತಸ್ತಿನ ಪ್ರಶ್ನೆಯೇ ಏಳದ ಜಾಗದ ಏಕವಚನ: ದೇವರು, ಕೂಸು, ಗೆಳೆಯ, ಸಾವಿರ ವರ್ಷದ ಹಿಂದಿನ ಕವಿ, ಕಾದಂಬರಿಯ ಪಾತ್ರ. ಇನ್ನೊಂದು, ಪ್ರಶ್ನೆ ಎದ್ದು ಉತ್ತರ ‘ಇಲ್ಲ’ ಎಂದು ಬಂದ ಜಾಗದ ಏಕವಚನ. ಇವೆರಡನ್ನು ಬೇರೆ ಮಾಡಲು ಕೊಡುಕೊಳ್ಳುವಿಕೆಯನ್ನು ನೋಡಿದರೆ ಸಾಕು. ಕಾಪುವಿನ ಕಡಲ ಬದಿಯಲ್ಲಿ ಬಲೆ ಎಳೆಯುವ ಇಬ್ಬರು ಜತೆಗಾರರು ಒಬ್ಬರನ್ನೊಬ್ಬರು ಆಯೆ ಎಂದರೆ ಅದು ಸಲುಗೆ. ಧನಿಯ ಹತ್ತು ವರ್ಷದ ಮಗ ಅರುವತ್ತು ವರ್ಷದ ಆಳನ್ನು ಆಯೆ ಎಂದು, ಆ ಆಳು ಆ ಹುಡುಗನನ್ನೇ ಆರ್ ಎಂದರೆ ಅದು ಅಂತಸ್ತು. ರೂಪ ಒಂದೇ ಆದರೂ ಹಿಂದಿರುಗಿ ಬರುವ ಪದ ಬೇರೆ. ದೇವರ ವಿಚಾರದಲ್ಲಿ ಹಿಂದಿರುಗಿ ಬರುವ ಪದವನ್ನು ಕಿವಿಯಿಂದ ಕೇಳಿ ಪರೀಕ್ಷಿಸುವ ಸೌಕರ್ಯವಿಲ್ಲವೆಂಬುದು ನಿಜ; ಭೂತಕೋಲದಲ್ಲಿ ಮಾತ್ರ ಒಂದು ಬಗೆಯಲ್ಲಿ ಉಂಟು. ಅಲ್ಲಿ ಪಂಬದ, ಪರವ, ನಲಿಕೆ ಸಮುದಾಯದ ಕೋಲ ಕಟ್ಟುವವನು ದೈವದ ಬಾಯಾಗಿ ಗುತ್ತಿನ ಯಜಮಾನರಿಗೆ ನುಡಿ ಕೊಡುತ್ತಾನೆ, ಯಜಮಾನರು ಕೈ ಮುಗಿದು ‘ಸ್ವಾಮಿ’ ಎನ್ನುತ್ತಾರೆ. ಮುಖವರ್ಣಿಕೆ ತೊಳೆದ ಮೇಲೆ ಅದೇ ಮನುಷ್ಯ ಹಗಲಿನ ಲೆಕ್ಕಕ್ಕೆ ಮರಳುತ್ತಿದ್ದ. ಪದ ಅಂಟಿದ್ದು ಸ್ಥಾನಕ್ಕೆ, ಆಳಿಗಲ್ಲ.

ಮೂರನೆಯದು ಜಾತಿ ಉಪಭಾಷೆಗಳ ಮಾತು. ಶಿವಳ್ಳಿ ಬ್ರಾಹ್ಮಣರ ತುಳುವಿನಲ್ಲಿ ‘ಇದು’ ಎನ್ನಲು ‘ಇಂದು’, ಉಳಿದವರಲ್ಲಿ ‘ಉಂದು’. ಬ್ರಾಹ್ಮಣರ ಮಾತಿನಲ್ಲಿ ಉಳಿದುಕೊಂಡ ಳಕಾರ ಉಳಿದವರಲ್ಲಿ ಅನೇಕ ಕಡೆ ಲಕಾರವಾಗಿದೆ. ಆದ್ದರಿಂದ ತುಳುವಿನಲ್ಲೂ ಸಸಕ್ ಅಥವಾ ಜಾವಾದಂತೆ ವಸ್ತುವನ್ನು ತೋರಿಸುವ ಪದದಲ್ಲೇ ಅಂತಸ್ತಿದೆ ಎನ್ನಬಹುದೆ? ಎನ್ನಲಾಗದು. ಇಂದು–ಉಂದು ಎಂಬ ಭೇದ ಮಾತಾಡುವವರು ಯಾರು ಎಂಬುದನ್ನು ಹೇಳುತ್ತದೆ, ಕೇಳುವವರು ಅಥವಾ ತೋರಿಸಲ್ಪಟ್ಟವರು ಯಾರೆಂಬುದನ್ನಲ್ಲ. ಬ್ರಾಹ್ಮಣರ ಮನೆಯವರು ಬಿಲ್ಲವರೊಡನೆ ಮಾತಾಡುವಾಗಲೂ ಇಂದು ಎನ್ನಬಹುದು, ಬಂಟರು ಭಟ್ಟರೊಡನೆ ಮಾತಾಡುವಾಗಲೂ ಉಂದು ಎನ್ನಬಹುದು. ಜಾವಾದವನು ಎದುರಿಗೆ ಹಿರಿಯರು ಬಂದ ಕೂಡಲೇ ತನ್ನ ‘ಇಕಿ’ಯನ್ನು ‘ಪುನಿಕ’ ಮಾಡುತ್ತಾನೆ. ಅದು ಹುಟ್ಟಿನ ಗುರುತಲ್ಲ, ಹೊತ್ತಿಗೆ ತಕ್ಕ ನಡೆ. ಈ ಎರಡನ್ನು ಬೆರೆಸಿದರೆ ಹೋಲಿಕೆ ಕೆಡುತ್ತದೆ.

ಬಹುವಚನದ ಗೌರವ ಎಷ್ಟು ಹಳೆಯದು? ಸಾಕಷ್ಟು ಹಳೆಯದು. ಶ್ರವಣಬೆಳಗೊಳದ ಏಳನೆಯ ಶತಮಾನದ ನಿಷಿಧಿ ಶಾಸನಗಳಲ್ಲಿ ಸನ್ಯಸನದಿಂದ ದೇಹ ಬಿಟ್ಟ ಒಬ್ಬೊಬ್ಬ ಗುರುವಿಗೂ ‘ಗುರವಡಿಗಳ್’ ಎಂಬ ಬಹುವಚನ, ಬಹುವಚನದ್ದೇ ಕ್ರಿಯಾಪದ. ಇಂಗ್ಲಿಷ್ ಆಡಳಿತದಿಂದಲೋ ಪರ್ಶಿಯನ್ ದರ್ಬಾರಿನಿಂದಲೋ ಇದು ಬಂತೆಂಬ ಮಾತಿಗೆ ಅಲ್ಲಿ ಜಾಗವಿಲ್ಲ. ತುಳುನಾಡಿನಲ್ಲಿ ಇದು ಭೂಮಿಯ ವ್ಯವಸ್ಥೆಯ ಜೊತೆ ಹೆಣೆದುಕೊಂ‍ಡಿತು. ಧನಿಕುಲು ಎಂಬ ಪದವನ್ನೇ ನೋಡಬಹುದು: ಒಬ್ಬನೇ ಧನಿ, ಹಿಂದೆ ಆಕುಲು, ನಿಕುಲುಗಳಲ್ಲಿರುವ ಅದೇ ‘-ಕುಲು’. ಗುತ್ತಿನ ಹಿರಿಯರು ‘ಗುತ್ತಿನಾರ್’. ಕರೆಯುವಾಗಲೂ ಶೆಟ್ರೆ, ಭಟ್ರೆ, ಮಾಸ್ಟ್ರೆ ಎಂದು ಹೆಸರಿನೊಳಗೇ ರಕಾರ ಸೇರಿಕೊಂಡಿತು. ಗೇಣಿ ಒಕ್ಕಲಿನವರ, ಮೂಲದ ಆಳುಗಳ ಹೆಸರುಗಳಿಗೆ ಅದು ಸೇರಲಿಲ್ಲ. ಎಲ್ಲರಿಗಿಂತ ಕೆಳಗೆ ತಳ್ಳಲ್ಪಟ್ಟ ಕೊರಗರಿಗೆ ವಯಸ್ಸು ಎಷ್ಟಾದರೂ ಏಕವಚನವೇ ಪಾಲಾಗಿತ್ತು. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ರಾಜ್ಯ ಸರ್ಕಾರ 2000ದ ಕಾಯ್ದೆಯಿಂದ ನಿಷೇಧಿಸಿತು. ಕಾಯ್ದೆ ಆಚರಣೆಯನ್ನು ನಿಲ್ಲಿಸಬಹುದು, ಸರ್ವನಾಮಕ್ಕೆ ದಂಡ ಹಾಕುವುದು ಕಷ್ಟ. ಆದರೂ ಸರ್ವನಾಮ ಬದಲಾಗದೆ ಉಳಿಯಲಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಕರಾವಳಿಯಲ್ಲಿ ಗಟ್ಟಿಯಾಗಿ ಜಾರಿಯಾಗಿ ಗೇಣಿದಾರರು ಭೂಮಿಯ ಒಡೆಯರಾದರು. ಮುಂಬಯಿಯ ಹೋಟೆಲು, ಕೊಲ್ಲಿ ದೇಶಗಳ ದುಡಿಮೆ, ಶಾಲೆ ಕಾಲೇಜುಗಳು ಇನ್ನೊಂದಷ್ಟು ಜನರನ್ನು ಮೇಲೆತ್ತಿದವು. ಈಗ ಒಕ್ಕಲಿನ ಮಗ ಮಾಸ್ಟ್ರು, ಅವನ ಬಗ್ಗೆ ಹಳೆಯ ಧನಿಯ ಮನೆಯವರೂ ಆರ್ ಎನ್ನುತ್ತಾರೆ. ಅಂತಸ್ತು ಅಳಿದಿದೆ, ಇದೆಲ್ಲ ಹಳೆಯ ಕಥೆ ಎನ್ನುವವರಿಗೆ ಹೇಳಬೇಕಾದ್ದು ಇಷ್ಟೆ: ಆಯೆ–ಆರ್ ಎಂಬ ಭೇದ ಎಳ್ಳಷ್ಟೂ ಅಳಿದಿಲ್ಲ. ಯಾರಿಗೆ ಯಾವುದು ಎಂಬ ಲೆಕ್ಕ ಮಾತ್ರ ಹುಟ್ಟಿನಿಂದ ಉದ್ಯೋಗಕ್ಕೂ ವಯಸ್ಸಿಗೂ ವಾಲಿದೆ.

ಮಣಿಪಾಲದಲ್ಲಿ ಈ ಲೆಕ್ಕ ಬೇರೆ ಭಾಷೆಗಳೊಡನೆ ಬೆರೆಯುತ್ತದೆ. 1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಕಟ್ಟಿದ ಮೇಲೆ ಈ ಗುಡ್ಡಕ್ಕೆ ದೇಶದ ಎಲ್ಲ ಕಡೆಯ ವಿದ್ಯಾರ್ಥಿಗಳೂ ಉತ್ತರ ಕರ್ನಾಟಕದ, ಕೇರಳದ ರೋಗಿಗಳೂ ಬರತೊಡಗಿದರು. ಹಿಂದಿಯವರಿಗೆ ಈ ವ್ಯವಸ್ಥೆ ಹೊಸದಲ್ಲ; ‘ಇಸ್ ಕೋ’ ಎನ್ನುವುದಕ್ಕೂ ‘ಇನ್ ಕೋ’ ಎನ್ನುವುದಕ್ಕೂ ಇರುವ ಅಂತರ ಇಂಬೆ–ಮೇರ್‌ಗಳದ್ದೇ, ಅದೂ ಬಹುವಚನದ ಬಲದಿಂದಲೇ ಬಂದದ್ದು. ಮಲಯಾಳಿಗರು ಮಾತ್ರ ಬೇರೆ ದಾರಿ ಹಿಡಿದಿದ್ದಾರೆ: ಅವನ್ ಎಂಬುದರ ಮೇಲೆ ಅಯಾಳ್, ಅದರ ಮೇಲೆ ‘ಆ ದೇಹ’ ಎಂದು ಸಂಸ್ಕೃತದಿಂದ ಕಟ್ಟಿಕೊಂಡ ಅದ್ದೇಹಂ, ಹತ್ತಿರದಲ್ಲಿದ್ದರೆ ಇದ್ದೇಹಂ. ಇಂಗ್ಲಿಷಿಗೆ ಹೊರಳಿದಾಗ ಈ ಭಾರವೆಲ್ಲ ಒಮ್ಮೆಗೇ ಇಳಿಯುತ್ತದೆ. ಮಣಿಪಾಲದ ಯುವಕರು ಇಂಗ್ಲಿಷಿಗೆ ಜಾರುವುದಕ್ಕೆ ಅದರ ಪ್ರತಿಷ್ಠೆ ಒಂದು ಕಾರಣವಾದರೆ, ಎದುರಿನವರ ಅಂತಸ್ತನ್ನು ಅಳೆಯುವ ಕೆಲಸದಿಂದ ಸಿಗುವ ಬಿಡುಗಡೆ ಇನ್ನೊಂದು ಕಾರಣವಾಗಿರಬಹುದು.

ಬರಹದ ಕನ್ನಡ ಈ ವ್ಯವಸ್ಥೆಯನ್ನು ತನ್ನದೇ ಬಗೆಯಲ್ಲಿ ಬೆಳೆಸಿದೆ, ಹತ್ತಿರದ ಬಹುವಚನವಂತೂ ಅಲ್ಲಿ ಕಚೇರಿಯ ಮುದ್ರೆಯಂತಾಗಿದೆ. ಅರ್ಜಿಯ ತಲೆಯಲ್ಲಿ ‘ತಹಶೀಲ್ದಾರರು, ಕಾರ್ಕಳ ತಾಲೂಕು, ಇವರಿಗೆ’. ಮದುವೆ ಕರೆಯೋಲೆಯಲ್ಲಿ ವರನ ತಂದೆ ತಾಯಿಯ ಹೆಸರಿನ ಮುಂದೆ ‘ಇವರ ಪುತ್ರ’. ಸಭೆಯ ಆಮಂತ್ರಣದಲ್ಲಿ ಅಧ್ಯಕ್ಷರ ಹೆಸರಿನ ಮುಂದೆ ‘ಇವರು ವಹಿಸಲಿರುವರು’. ಮಣಿಪಾಲದಿಂದ 1970ರಲ್ಲಿ ಆರಂಭವಾದ ಉದಯವಾಣಿ ಸೇರಿದಂತೆ ಕರಾವಳಿಯಲ್ಲಿ ಓದುವ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಇನ್ನೂ ನವಿರಾದ ಭೇದವಿದೆ. ವ್ಯಕ್ತಿಯ ಹೆಸರಾದ ಕೂಡಲೇ ‘ಎಂಬ’ ಬರುತ್ತದೆ, ಅದಕ್ಕೆ ಒಂದು ನಿರ್ದೇಶಕ ಅಂಟುತ್ತದೆ: ಎಂಬವರು, ಎಂಬಾತ, ಎಂಬಾಕೆ. ‘ಎಂಬವರ ಮನೆಗೆ’ ಎಂದು ಓದಿದಾಗಲೇ ಅವರು ಕಳವಾದ ಮನೆಯವರೆಂದೂ, ‘ಎಂಬಾತ’ ಎಂದು ಓದಿದಾಗಲೇ ಅವನು ಸಿಕ್ಕಿಬಿದ್ದವನೆಂದೂ ಓದುಗರು ವಾಕ್ಯ ಮುಗಿಯುವ ಮೊದಲೇ ತಿಳಿಯುತ್ತಾರೆ. ಉಡುಪಿ ಜಿಲ್ಲೆಯ ಪೊಲೀಸ್ ಪ್ರಕಟಣೆಗಳ ಕನ್ನಡದಲ್ಲೂ ಇದೇ ಹಂಚಿಕೆ. ‘ಪಿರ್ಯಾದಿದಾರರಾದ’ ಎಂದು ಶುರುವಾಗಿ ಹೆಸರು, ಪ್ರಾಯ ಬರೆದು ‘ಇವರು’ ಎಂದು ಮುಂದುವರಿಯುತ್ತದೆ; ಆಪಾದನೆ ಹೊತ್ತವನು ‘ಆರೋಪಿತನು’. ಪಿರ್ಯಾದಿ ಕೊಟ್ಟವರು ಕೂಲಿಯವರಿರಲಿ, ಮೀನುಗಾರರಿರಲಿ, ಹೋಟೆಲ್ ಮಾಲೀಕರಿರಲಿ, ಆ ಇವರು ಬದಲಾಗುವುದಿಲ್ಲ. ಅಂಗಳದಲ್ಲಿ ನಿಲ್ಲಿಸಿ ಇಂಬೆ ಎನ್ನುತ್ತಿದ್ದವರ ಮೊಮ್ಮಗ ಆರೋಪಿತನೂ, ನಿಂತಿದ್ದವನ ಮೊಮ್ಮಗ ‘ಇವರು’ ಕೂಡ ಆಗಬಹುದಾದ ಜಾಗ ಅದು. ಪ್ರಕರಣದಲ್ಲಿ ಇನ್ನೊಬ್ಬ ಆರೋಪಿ ಸೇರಿಕೊಂಡರೆ ಇಬ್ಬರೂ ‘ಆರೋಪಿತರು’ ಆಗುತ್ತಾರೆ. ಆ ರಕಾರವನ್ನು ಗೌರವವೆಂದು ಯಾರೂ ಓದುವುದಿಲ್ಲ. ಎಣಿಕೆಗೂ ಮರ್ಯಾದೆಗೂ ಬೇರೆ ಬೇರೆ ರೂಪ ಇಟ್ಟುಕೊಂಡ ತುಳುವಿನಲ್ಲಿ ಆ ಇಬ್ಬರೂ ಆಕುಲು, ಪಿರ್ಯಾದಿ ಕೊಟ್ಟವರು ಆರ್.